ಹಲಗೆ ಎಣಿಸಿದ ಶುಕ್ರವಾರ

ಸ್ಲೈಗೋ ಎಂಬ ಐರಿಷ್ ಊರಿನ ಆಸ್ಪತ್ರೆಯಲ್ಲಿ, ನನ್ನ ವಾರ್ಡಿನಲ್ಲಿ ಒಬ್ಬ ಯಹೂದಿ ಅಜ್ಜ ಇದ್ದರು. ಬಿದ್ದು ಸೊಂಟದ ಮೂಳೆ ಮುರಿದಿತ್ತು, ಜೊತೆಗೆ ಕನ್ನಡಕವೂ ಒಡೆದಿತ್ತು. ನೋಡಲು ಯಾರೂ ಬರುತ್ತಿರಲಿಲ್ಲ. ಈ ಊರಿಗೆಲ್ಲ ಯಹೂದಿ ತಾನೊಬ್ಬನೇ ಇರಬೇಕು ಎನ್ನುತ್ತಿದ್ದರು. ಕನ್ನಡ ಮಾತಾಡೋಕೆ ಒಬ್ಬರೂ ಸಿಗದ ನನಗೆ ಅದು ಬೇಗ ಅರ್ಥವಾಯಿತು.

ಒಂದು ಶುಕ್ರವಾರ ಮಧ್ಯಾಹ್ನ ಡ್ಯೂಟಿ ಮುಗಿಸಿ ಹೊರಟಾಗ ಅವರು ದಪ್ಪ ಪುಸ್ತಕವೊಂದನ್ನು ಚಾಚಿದರು. ಅವರ ಧರ್ಮಗ್ರಂಥ, ತೋರಾ. ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದಬೇಕಂತೆ.

"ಈ ವಾರದ್ದು ಓದ್ತೀರಾ ಡಾಕ್ಟರ್? ಇಂಗ್ಲಿಷ್ ಪುಟ ಸಾಕು."

ಕೂತು ಓದತೊಡಗಿದೆ. ದೇವರ ಗುಡಾರಕ್ಕೆ ಎಷ್ಟು ಹಲಗೆ, ಎಷ್ಟು ಕೊಂಡಿ, ಪರದೆ ಎಷ್ಟು ಮೊಳ. ಬರೀ ಬಡಗಿಯ ಪಟ್ಟಿ. ಒಂಟಿ ಮನುಷ್ಯನಿಗೆ ಇದರಿಂದ ಏನು ಸಮಾಧಾನ ಅನ್ನಿಸಿ ಎರಡು ಪುಟ ಹಾರಿಸಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದ ಅವರು ಕಣ್ಣು ಬಿಟ್ಟರು.

"ಹಲಗೆ ಬಿಟ್ರಿ."

"ಬೇಜಾರಾಗುತ್ತೆ ಅಂತ. ಬೇರೆ ಏನಾದ್ರೂ ಚೆನ್ನಾಗಿರೋದು ಓದ್ಲಾ?"

"ಬೇಜಾರೇ, ಇಲ್ಲ ಅನ್ನಲ್ಲ. ಆದ್ರೆ ಈ ವಾರ ಎಲ್ಲೆಲ್ಲೋ ಇರೋ ನಮ್ಮವರೆಲ್ಲ ಇದೇ ಹಲಗೆ ಎಣಿಸ್ತಾ ಕೂತಿರ್ತಾರೆ. ನೀವು ಹಾರಿಸಿದ್ರೆ ನಾನೊಬ್ಬನೇ ಮುಂದೆ ಹೋಗ್ಬಿಡ್ತೀನಿ."

ಹಿಂದಕ್ಕೆ ಹೋಗಿ ಎಲ್ಲ ಹಲಗೆಗಳನ್ನೂ ಓದಿದೆ. "ಗ್ರ್ಯಾಂಡ್" ಎಂದು, ಇಲ್ಲಿಯವರು 'ಸರಿಯಾಯ್ತು' ಅನ್ನುವ ಹಾಗೆ ಹೇಳಿ, ಮತ್ತೆ ಕಣ್ಣು ಮುಚ್ಚಿದರು.

ಮುಂದಿನ ಶುಕ್ರವಾರದ ಹೊತ್ತಿಗೆ ಅವರನ್ನು ಬೇರೆ ಊರಿನ ನರ್ಸಿಂಗ್ ಹೋಮಿಗೆ ಕಳಿಸಿದ್ದರು. ಅಲ್ಲಿ ಯಾರು ಓದುತ್ತಾರೋ ಗೊತ್ತಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟು, ಆ ವಾರದ ಭಾಗವನ್ನು ಫೋನಿನಲ್ಲಿ ಹುಡುಕಿ ಜೋರಾಗಿಯೇ ಓದಿದೆ. ಈ ಸಲ ಪುರೋಹಿತರ ಅಂಗಿ ಹೊಲಿಯುವ ವಿವರ, ಅಂಚಿಗೆ ಗೆಜ್ಜೆ ಬೇರೆ. ಕುಕ್ಕರ್ ಕೂಗುತ್ತಲೇ ಇತ್ತು. ನಾನು ಒಂದು ಗೆಜ್ಜೆಯನ್ನೂ ಬಿಡಲಿಲ್ಲ.