ಸ್ಟಾಕ್‌ಹೋಮಿನ ಹಡಗು ಆರಿಸಿದ್ದು

ಮೊಮ್ಮಗಳ ಬಾಣಂತನಕ್ಕೆ ನಾನು ಸ್ಟಾಕ್‌ಹೋಮಿಗೆ ಹೋಗಬೇಕಿತ್ತು. ಕರೆದೊಯ್ಯಲು ಸಿರುಗುಪ್ಪಕ್ಕೆ ಬಂದ ಮಗಳು, ಅವಳಿರುವ ಫಿನ್ಲೆಂಡಿನಿಂದ ಸಮುದ್ರ ದಾಟಲು ಎರಡು ಹಡಗುಗಳಿವೆ ಎಂದು ಫೋನು ಮುಂದೆ ಹಿಡಿದಳು. ರಾತ್ರಿಯ ಹಡಗಿನಲ್ಲಿ ಮಲಗಲು ಕೋಣೆ ಕೊಡುತ್ತಾರೆ, ಅದಕ್ಕೆ ಕಿಟಕಿಯಿಲ್ಲ. ಹಗಲಿನದಕ್ಕೆ ಮೊದಲು ಬೇರೆ ಬಂದರಿಗೆ ರೈಲು ಹತ್ತಬೇಕು, ಆದರೆ ದಾರಿಯುದ್ದಕ್ಕೂ ನಡುಗಡ್ಡೆಗಳ ನೆಲ ಕಾಣುತ್ತದೆ. ನಮ್ಮೂರ ಹತ್ತಿರದ ಕೆಂಚನಗುಡ್ಡದಲ್ಲಿ ಹೊಳೆ ದಾಟಲು ಹರಿಗೋಲು ಹತ್ತಿದಾಗಲೂ ನಾನು ಆಚೆ ದಡದ ಮೇಲಿನ ಕಣ್ಣು ತೆಗೆದವಳಲ್ಲ. ಮುಚ್ಚಿದ ಕೋಣೆಯಲ್ಲಿ ನನಗೆ ಉಸಿರು ಕಟ್ಟುತ್ತದೆ.

"ಹಗಲಿಂದು ಇರಲಿ," ಅಂದೆ.

"ರಾತ್ರೀದು ಆಗಲೇ ಬುಕ್ ಮಾಡೀನಿ ಅವ್ವ. ನಿನ್ನ ಮಣಕಾಲಿಗೆ ರೈಲು ಹತ್ತಾಕ ಆಗಂಗಿಲ್ಲ."

"ಮತ್ತ ನನ್ನ ಯಾಕ ಕೇಳಿದಿ?"

"ಕೇಳಲಿಲ್ಲ ಅಂತ ಆಮ್ಯಾಲೆ ಬೈತಿ, ಅದಕ್ಕ."

ಬೈಯಲಿಲ್ಲ. ಮಗಳಿಗೆ ಕೂಸಿಗೆ ನೀರೆರೆಯಲು ಬರುವುದಿಲ್ಲ. ನಾನು ಹೋಗಲೇಬೇಕು, ಅದು ಅವಳಿಗೂ ಗೊತ್ತು.