ನಾಗ ಕಾಯುತ್ತಿದ್ದ ನಿಧಿ

ಸ್ನೇಹಿತರೇ, ಇವತ್ತು ನಮ್ಮ ಮನೆಯ ಟಿವಿಯಲ್ಲಿ ಒಂದು ಹಾವು ಸತ್ತಿತು.

ನನ್ನ ಗಂಡನಿಗೆ ನಲವತ್ತೆರಡು ವರ್ಷ. ಕಾಫಿ ಕುಯ್ಲು ಮುಗಿದಾಗಿನಿಂದ ಒಂದು ವಿಡಿಯೋ ಗೇಮಿನಲ್ಲಿ ಯಾವುದೋ ಪುರಾತನ ರಾಜನ ನಿಧಿ ಹುಡುಕುತ್ತಿದ್ದರು. ಬೆಳಿಗ್ಗೆ, ಅದನ್ನು ಕಾಯುತ್ತಿದ್ದ ಏಳು ಹೆಡೆಯ ಸರ್ಪವನ್ನು ಕೊಂದೇಬಿಟ್ಟರು. ಹಿಂದೆ ನಿಂತಿದ್ದ ಅತ್ತೆ ಕಿರುಚಿಕೊಂಡರು.

"ನಿಧಿ ಆಸೆಗೆ ನಾಗನ್ನ ಕೊಂದ್ಯೇನೋ?"

"ಅಮ್ಮ, ಅದು ಬರೀ ಗೇಮು!"

"ಕೊಂದ ಕೈ ನಿಂದೇ ಅಲ್ವಾ?"

ಅತ್ತೆ ತಿಂಡಿ ಮುಟ್ಟಲಿಲ್ಲ. ಗಂಡ ಸೋಲಲಿಲ್ಲ. ಇಬ್ಬರ ನಡುವೆ ಓಡಾಡಿ ನಾನು ಸುಸ್ತಾದೆ. ಮಧ್ಯಾಹ್ನವೂ ಅತ್ತೆ ಊಟಕ್ಕೆ ಏಳದಿದ್ದಾಗ, ನಾಚಿಕೆ ಬಿಟ್ಟು ನಮ್ಮ ಪುರೋಹಿತರಿಗೆ ಫೋನ್ ಮಾಡಿದೆ. ಇನ್ನೂ ಚಿಕ್ಕ ವಯಸ್ಸಿನವರು, ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ದನಿ ತಗ್ಗಿಸಿ ಕೇಳಿದರು:

"ಏಳು ಹೆಡೆದಾ ಅಕ್ಕ? ನಂಗೆ ಒಂದು ತಿಂಗಳಿಂದ ಅದು ಸಾಯ್ತಾನೇ ಇಲ್ಲ. ಅಣ್ಣ ಹೆಂಗೆ ಕೊಂದ್ರು?"

ಭಾನುವಾರ ಸರ್ಪಶಾಂತಿ ಮಾಡಿಸುವುದೆಂದು ತೀರ್ಮಾನವಾಯಿತು. ಪುರೋಹಿತರು ಎರಡು ಗಂಟೆ ಮುಂಚೆಯೇ ಬರುತ್ತಾರಂತೆ. "ಎಂಥ ಶ್ರದ್ಧೆ ನೋಡು ಮಾರಾಯ್ತಿ" ಎನ್ನುತ್ತಾ ಅತ್ತೆ ಈಗ ಊಟ ಮಾಡುತ್ತಿದ್ದಾರೆ. ಇನ್ನು ಯಾರನ್ನೂ ತಿದ್ದುವ ಶಕ್ತಿ ನನಗಿಲ್ಲ.