ಕುಂಕುಮದ ನೆಪದಲ್ಲಿ ಹೌರಾಕ್ಕೆ

ಗಿರೀಶ್, ನಿಮಗೆ ಎಚ್‌ಐವಿ ಇರುವ ವಿಷಯ ನಿಮ್ಮ ತಾಯಿಗೆ ತಿಳಿದದ್ದು ನನ್ನಿಂದ. ನಿಮ್ಮ ಮನಶ್ಶಾಸ್ತ್ರಜ್ಞೆಯಾದ ನನ್ನ ಬಾಯಿಂದಲೇ. ಗಿರೀಶ್ ಎಂಬುದು ನಿಮ್ಮ ನಿಜವಾದ ಹೆಸರಲ್ಲ — ಅಷ್ಟನ್ನಾದರೂ ಈಗ ಮುಚ್ಚಿಡುತ್ತೇನೆ.

ಮೊದಲ ದಿನದಿಂದಲೂ ನಿಮ್ಮನ್ನು ನಂಬಿರಲಿಲ್ಲ. "ಹೆಂಡ್ತಿಗೆ ಹೇಳಿದೀನಿ ಮೇಡಂ, ಅವಳ ಟೆಸ್ಟೂ ಆಯ್ತು, ಏನೂ ಇಲ್ಲ" — ಪ್ರತಿ ಸಲವೂ ಅದೇ ಮಾತು, ಉರು ಹೊಡೆದ ಹಾಗೆ. ಒಮ್ಮೆ ಅವರನ್ನು ಕರೆತನ್ನಿ ಎಂದರೆ ಏನಾದರೊಂದು ನೆಪ. ಸುಳ್ಳು ಹೇಳುವ ಗಂಡಸರನ್ನು ಕೋಲ್ಕತ್ತದ ಈ ಕ್ಲಿನಿಕ್ಕಿನಲ್ಲಿ ಸಾಕಷ್ಟು ಕಂಡಿದ್ದೆ. ನಿಮ್ಮನ್ನೂ ಅವರ ಸಾಲಿಗೆ ಸೇರಿಸಿಬಿಟ್ಟೆ. ಅನುಮಾನವಿದ್ದರೆ ನಿಮ್ಮನ್ನೇ ಕೇಳಬೇಕಿತ್ತು, ಕ್ಲಿನಿಕ್ಕಿನ ನನ್ನ ಹಿರಿಯರ ಜೊತೆ ಚರ್ಚಿಸಬೇಕಿತ್ತು. ಆದರೆ —

ನಾವಿಬ್ಬರೂ ಕನ್ನಡದವರಲ್ಲವೇ. ಶ್ರಾವಣ ಶುಕ್ರವಾರ ನಿಮ್ಮ ತಾಯಿ ಇಲ್ಲಿನ ಕನ್ನಡದ ಹೆಂಗಸರನ್ನೆಲ್ಲ ಅರಿಸಿನ-ಕುಂಕುಮಕ್ಕೆ ಕರೆಯುತ್ತಾರೆಂದು ಕೇಳಿದ್ದೆ. ಪರಿಚಯದವರೊಬ್ಬರ ಜೊತೆ ಹೌರಾದ ನಿಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬಂದೆ. ಕುಂಕುಮಕ್ಕೆ ಬಂದವಳನ್ನು ಯಾಕೆ ಬಂದೆ ಎಂದು ಯಾರು ಕೇಳುತ್ತಾರೆ? ನೀವು ಡ್ಯೂಟಿಯಲ್ಲಿದ್ದಿರಿ. ಅಡುಗೆಮನೆಯಲ್ಲಿ ನಿಮ್ಮ ಹೆಂಡತಿ ಸುಮಾ ಒಬ್ಬರೇ ಕೋಸಂಬರಿ ಕಲಸುತ್ತಿದ್ದರು.

"ಗಿರೀಶ್ ಅವರಿಗೆ ಎಚ್‌ಐವಿ ಇರೋದು ನಿಮಗೆ ಗೊತ್ತಾ?" ಎಂದುಬಿಟ್ಟೆ.

ಅವರು ಬೆಚ್ಚಲಿಲ್ಲ. ನನ್ನ ಬೆನ್ನ ಹಿಂದೆ ನೋಡಿದರು. "ನಂಗೊತ್ತು. ಗೊತ್ತಿಲ್ದೇ ಇದ್ದಿದ್ದು ಅತ್ತೆಯವ್ರಿಗೆ."

ನಿಮ್ಮ ತಾಯಿ ನನಗೆಂದು ತಂದ ತಾಂಬೂಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಮರುವಾರ ನೀವು ಕ್ಲಿನಿಕ್ಕಿಗೆ ಬಂದಿರಿ. ಕೂರಲಿಲ್ಲ. ಇಬ್ಬರೂ ಒಟ್ಟಿಗೆ ಹೊರಟರೆ ಅಮ್ಮ ಕೇಳುತ್ತಾರೆಂದೇ ಸುಮಾ ಅವರನ್ನು ಕರೆತರುತ್ತಿರಲಿಲ್ಲ ಎಂದಿರಿ. ಈಗ ಅಮ್ಮ ನಿಮ್ಮಿಬ್ಬರ ತಟ್ಟೆ-ಲೋಟ ಬೇರೆ ಇಟ್ಟಿದ್ದಾರೆ ಎಂದಿರಿ. "ಮಾತಾಡೋವಾಗ ಈ ಬಾಗಿಲು ಯಾಕ್ ಹಾಕ್ತೀರಾ ಮೇಡಂ?" ಎಂದು ಕೇಳಿ ಹೊರಟುಹೋದಿರಿ. ಮತ್ತೆ ಬರಲಿಲ್ಲ. ಇಲ್ಲಿಂದಲೇ ಒಯ್ಯುತ್ತಿದ್ದ ಮಾತ್ರೆ ಈಗ ಎಲ್ಲಿಂದ ತರುತ್ತೀರಿ, ತರುತ್ತಿದ್ದೀರೋ ಇಲ್ಲವೋ — ನನಗೆ ತಿಳಿಯದು.

ಸುಮಾ ಅವರ ಮೇಲಿನ ಕಾಳಜಿಯಿಂದ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ಹೇಳಿಕೊಂಡೆ. ಈಗ ಅದನ್ನೂ ನಂಬಲಾರೆ. ನಿಮ್ಮ ಸುಳ್ಳು ಹಿಡಿಯಬೇಕೆಂಬ ಹಟವೇ ಹೆಚ್ಚಿತ್ತು — ಸುಳ್ಳು ಇರಲೇ ಇಲ್ಲ. ಸುಳ್ಳು ಬರೆದವಳು ನಾನು: "ಸ್ವಇಚ್ಛೆಯಿಂದ ಬರುವುದನ್ನು ನಿಲ್ಲಿಸಿದರು" ಎಂದು, ನಿಮ್ಮ ಫೈಲಿನಲ್ಲಿ.

ಇವತ್ತು ಬೆಳಿಗ್ಗೆ ಅದರ ಕೆಳಗೆ ನಡೆದದ್ದನ್ನು ಬರೆದು, ಸಹಿ ಹಾಕಿ, ಮೇಲಿನವರ ಕೈಗೆ ಕೊಟ್ಟೆ. ಕೆಲಸ ಹೋಗಬಹುದು. ಕ್ಷಮೆ ಕೇಳಲೆಂದು ನಿಮ್ಮನ್ನು ಹುಡುಕಿಕೊಂಡು ಮಾತ್ರ ಬರುವುದಿಲ್ಲ. ನೀವು ಕರೆಯದೆ ನಿಮ್ಮ ಮನೆಗೆ ಒಮ್ಮೆ ಬಂದದ್ದೇ ಸಾಕು.